ಚೆಪಾಕ್ ಅರಮನೆಯ ಕನ್ನಡ ಕಡತಗಳು

ಚೆಪಾಕ್ ಅರಮನೆ ಕಟ್ಟಿ ಮುಗಿದದ್ದು 1768ರಲ್ಲಿ. ಮರುವರ್ಷವೇ ಹೈದರ್ ಅಲಿಯ ಕುದುರೆ ಸವಾರರು ಮದರಾಸಿನ ಹೊಸ್ತಿಲಿಗೆ ಬಂದು ನಿಂತರು. ಪರಂಗಿಮಲೈಯ ಬಳಿ ಬೀಡುಬಿಟ್ಟ ಹೈದರನ ಷರತ್ತುಗಳಿಗೆ ತಲೆಬಾಗಿ ಈಸ್ಟ್ ಇಂಡಿಯಾ ಕಂಪನಿಯವರು 1769ರ ಏಪ್ರಿಲ್‌ನಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅರಮನೆಯ ಒಡೆಯನಾದ ಆರ್ಕಾಟಿನ ನವಾಬ ಮುಹಮ್ಮದ್ ಅಲಿ ಖಾನ್ ವಾಲಾಜಾ ಆ ಯುದ್ಧದಲ್ಲಿ ಕಂಪನಿಯ ಪಕ್ಷದವನು. ಗೋಡೆಯ ಗಾರೆ ಆರುವ ಮುಂಚೆಯೇ ಈ ಕಟ್ಟಡಕ್ಕೂ ಕನ್ನಡ ನಾಡಿಗೂ ಹೀಗೆ ನಂಟು ಬಿತ್ತು. ಅದು ಜಗಳದ ನಂಟು. ಮುಂದೆ ಕಂದಾಯದ ನಂಟಾಯಿತು, ಬರಗಾಲದ ನಂಟಾಯಿತು, ನ್ಯಾಯದ ನಂಟಾಯಿತು. ಇಂದಿಗೂ ಬಿಟ್ಟಿಲ್ಲ.

ಚೆನ್ನೈಯಲ್ಲಿ ಬಾಳುವ ಕನ್ನಡಿಗರು ಓದುವ ಈ ಸ್ಮರಣ ಸಂಚಿಕೆಗೆ ನಾನು ಚೆಪಾಕ್ ಅರಮನೆಯ ಚರಿತ್ರೆಯನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಇಸ್ಲಾಮಿ ಮತ್ತು ಯುರೋಪಿಯನ್ ವಾಸ್ತುಗಳು ಬೆರೆತ ಮೊದಲ ದೊಡ್ಡ ಕಟ್ಟಡಗಳಲ್ಲಿ ಇದೊಂದು ಎಂದು ವಾಸ್ತು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅಷ್ಟು ಹೇಳಿ ಅವು ಮುಂದಕ್ಕೆ ಹೋಗುತ್ತವೆ. ಈ ಗೋಡೆಗಳ ಒಳಗೆ ನೂರಾರು ವರ್ಷ ನಡೆದ ಕೆಲಸದಲ್ಲಿ ಮಂಗಳೂರಿನ ಗೇಣಿದಾರನ, ಬಳ್ಳಾರಿಯ ಜೋಳದ ಹೊಲದ ರೈತನ ಪಾಲು ಎಷ್ಟಿತ್ತು ಎಂಬುದನ್ನು ಯಾರಾದರೂ ಕನ್ನಡದಲ್ಲೇ ಬರೆಯಬೇಕು.

ಮೊದಲು ಕಟ್ಟಿಸಿದವನ ವಿಷಯ. ಮುಹಮ್ಮದ್ ಅಲಿಯ ತಂದೆ ಅನ್ವರುದ್ದೀನ್ ಖಾನ್ 1749ರಲ್ಲಿ ಆಂಬೂರಿನ ಯುದ್ಧದಲ್ಲಿ ಸತ್ತ. ಎದುರಾಳಿ ಚಂದಾ ಸಾಹೇಬನ ಬೆನ್ನಿಗೆ ಫ್ರೆಂಚರಿದ್ದರು. ಮುಹಮ್ಮದ್ ಅಲಿ ಇಂಗ್ಲಿಷರನ್ನು ನೆಚ್ಚಿಕೊಂಡ. ಇಂಗ್ಲಿಷರು ಗೆದ್ದರು, ಇವನು ನವಾಬನಾಗಿ ಉಳಿದ. ವಾಲಾಜಾ ಎಂಬ ಬಿರುದು ಮುಘಲ್ ಬಾದಶಹ ಶಾ ಆಲಂ ಕೊಟ್ಟದ್ದು. ಆದರೆ ದೆಹಲಿಯ ಬಿರುದಿಗಿಂತ ಸೇಂಟ್ ಜಾರ್ಜ್ ಕೋಟೆಯ ಫಿರಂಗಿಗಳೇ ತನಗೆ ಆಸರೆ ಎಂದು ನವಾಬ ಬಲ್ಲ. ಆರ್ಕಾಟನ್ನು ಬಿಟ್ಟು ಆ ಕೋಟೆಯೊಳಗೇ ಅರಮನೆ ಕಟ್ಟಿಕೊಳ್ಳಲು ಅನುಮತಿ ಕೇಳಿದ. ಜಾಗವನ್ನೂ ಗುರುತಿಸಲಾಗಿತ್ತು, ಆಮೇಲೆ ಆ ಯೋಚನೆ ಬಿದ್ದುಹೋಯಿತು. ಕೋಟೆಯೊಳಗೆ ಅರಮನೆಯೇ ಇಲ್ಲದ 'ಪ್ಯಾಲೇಸ್ ಸ್ಟ್ರೀಟ್' ಎಂಬ ಬೀದಿಯ ಹೆಸರು ಮಾತ್ರ ಉಳಿಯಿತು. 1764ರ ಸುಮಾರಿಗೆ ನವಾಬ ಕೋಟೆಯ ದಕ್ಷಿಣಕ್ಕೆ, ಕೂವಂ ಹೊಳೆಯ ಆಚೆ, ಟ್ರಿಪ್ಲಿಕೇನಿನ ಅಂಚಿನಲ್ಲಿ ಖಾಸಗಿಯವರಿಂದ ನೆಲ ಕೊಂಡು ಕೆಲಸ ಶುರುಮಾಡಿಸಿದ. ಆವರಣ 117 ಎಕರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಪೈಕ್ರಾಫ್ಟ್ಸ್ ರಸ್ತೆ. ಪಶ್ಚಿಮಕ್ಕೆ ಬೆಲ್ಸ್ ರಸ್ತೆ, ಪೂರ್ವಕ್ಕೆ ಕಡಲು. ಇಂದಿನ ಕ್ರಿಕೆಟ್ ಸ್ಟೇಡಿಯಂ, ವಿಶ್ವವಿದ್ಯಾಲಯ, ಲೋಕೋಪಯೋಗಿ ಇಲಾಖೆಯ ಕಚೇರಿಗಳೆಲ್ಲ ಆ ಒಂದು ಆವರಣದ ತುಂಡುಗಳು.

ಕಟ್ಟಡವೆಂದರೆ ಮುಖ್ಯವಾಗಿ ಎರಡು ಮಹಲುಗಳು. ಎರಡು ಅಂತಸ್ತಿನ ಕಲಸ್ ಮಹಲ್ ನವಾಬನ ವಾಸಕ್ಕೆ. ಹುಮಾಯೂನ್ ಮಹಲ್ ದರ್ಬಾರಿಗೆ. ಕಟ್ಟಿದವನು ಪಾಲ್ ಬೆನ್‌ಫೀಲ್ಡ್ ಎಂಬುದು ಹಿಂದಿನಿಂದ ಬಂದ ಮಾತು. ಕಂಪನಿಯ ನೌಕರಿಗೆಂದು ಬಂದು, ಕಟ್ಟಡದ ಗುತ್ತಿಗೆದಾರನಾಗಿ, ಕೊನೆಗೆ ಬಡ್ಡಿ ವ್ಯಾಪಾರಿಯಾದ ಮನುಷ್ಯ ಅವನು. ಕಲಸ್ ಮಹಲಿನ ಎದುರು ನಿಂತು ನೋಡಿದರೆ ಎರಡು ಕೈಗಳ ಕೆಲಸ ಕಾಣುತ್ತದೆ. ದಳದಳವಾಗಿ ಸೀಳಿದ ಕಮಾನು, ಮೇಲಂಚಿನ ಪುಟ್ಟ ಗುಮ್ಮಟಗಳು, ಮೂಲೆಮೂಲೆಗೆ ಮಿನಾರಿನ ತುದಿಗಳು: ಇವು ದಖನಿನ ಸುಲ್ತಾನರ ಕಾಲದಿಂದ ಬಂದ ಪರಿಪಾಠ. ಒಳಗೆ ಕಾಲಿಟ್ಟರೆ ಬೇರೆಯದೇ ಲೆಕ್ಕ. ಎಡ ಬಲ ಸಮನಾಗಿ ಹಂಚಿದ ಕೋಣೆಗಳು, ಎತ್ತರದ ಚಾವಣಿ, ಗಾಳಿಗೆ ತೆರೆದ ಉದ್ದುದ್ದ ಜಗುಲಿಗಳು, ಆಳೆತ್ತರಕ್ಕಿಂತ ದೊಡ್ಡ ಕಿಟಕಿಗಳು, ಮರದ ಮೆಟ್ಟಿಲುಸಾಲು. ಮದರಾಸಿನ ತೋಟದ ಮನೆಗಳಲ್ಲಿ ಇಂಗ್ಲಿಷ್ ವರ್ತಕರು ರೂಢಿಸಿಕೊಂಡಿದ್ದ ವಿನ್ಯಾಸ ಅದು. ಎರಡನ್ನೂ ಹೊಂದಿಸಿ ಹಿಡಿದದ್ದು ಸ್ಥಳೀಯ ಗಾರೆಯವರ ಸುಣ್ಣ. ಕಪ್ಪೆಚಿಪ್ಪು ಸುಟ್ಟು ಮಾಡಿದ ಮದರಾಸಿನ ಸುಣ್ಣದ ಗಾರೆಯನ್ನು ಉಜ್ಜಿ ಉಜ್ಜಿ ಅಮೃತಶಿಲೆಯ ಹೊಳಪಿಗೆ ತರುತ್ತಿದ್ದ ಕಸುಬನ್ನು ಆ ಕಾಲದ ಯುರೋಪಿನ ಪ್ರವಾಸಿಗರು ಬೆರಗಿನಿಂದ ನೋಡಿದ್ದಾರೆ.

ಇದನ್ನು ಬರೀ ಬೆರಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ನವಾಬ ಬದುಕಿದ ರೀತಿಯೇ ಹಾಗಿತ್ತು. ಪಾರಸಿ ಪಂಡಿತರನ್ನು ಸಾಕಿದ. ಟಿಲಿ ಕೆಟಲ್, ಜಾರ್ಜ್ ವಿಲಿಸನ್ ಅಂಥ ಬ್ರಿಟನ್ನಿನ ಚಿತ್ರಕಾರರ ಎದುರು ನಿಲುವಂಗಿ ತೊಟ್ಟು ನಿಂತು ಆಳೆತ್ತರದ ಚಿತ್ರ ಬರೆಸಿಕೊಂಡ. ಟ್ರಿಪ್ಲಿಕೇನಿನ ದೊಡ್ಡ ಮಸೀದಿಯೂ ಅವನ ಮನೆತನದ್ದೇ. ಅವನ ಮನೆ ಅವನ ಹಾಗೆಯೇ ಇತ್ತು.

ಇನ್ನು ಸಾಲದ ಕತೆ. ಅರಮನೆಯ ಚರಿತ್ರೆಯಲ್ಲಿ ಇದರಷ್ಟು ನೋವಿನ ಅಧ್ಯಾಯ ಬೇರೆಯಿಲ್ಲ. ಕಂಪನಿಯ ಸೈನ್ಯ ನವಾಬನ ಪರವಾಗಿ ಹೋರಾಡಿದರೆ ಅದರ ಖರ್ಚನ್ನು ನವಾಬನೇ ಭರಿಸಬೇಕು. ಬೊಕ್ಕಸದಲ್ಲಿ ಹಣವಿಲ್ಲ. ಆಗ ಕಂಪನಿಯ ನೌಕರರೇ ತಮ್ಮ ಸ್ವಂತ ಲೆಕ್ಕದಲ್ಲಿ ನವಾಬನಿಗೆ ಭಾರಿ ಬಡ್ಡಿಗೆ ಸಾಲ ಕೊಡುವರು. ಅಡವಿಗೆ ಒಂದೊಂದು ಸೀಮೆಯ ಕಂದಾಯ ಬರೆಸಿಕೊಳ್ಳುವರು. ಬೆಳೆ ಬರುವ ಮೊದಲೇ ಸಾಲ ಕೊಟ್ಟವರ ಗುಮಾಸ್ತರು ಹೊಲದ ಬದುವಿಗೆ ಬಂದು ಕೂರುವರು. ಬೆನ್‌ಫೀಲ್ಡ್ ಈ ದಂಧೆಯ ಮುಂದಾಳು. ತಂಜಾವೂರಿನ ಕಂದಾಯದ ಮೇಲೆ ಅವನು ಹೂಡಿದ ಹಕ್ಕಿನ ಜಗಳ ಎಲ್ಲಿಗೆ ಹೋಯಿತೆಂದರೆ, 1776ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಪಿಗಟ್‌ನನ್ನು ಅವನ ಕೌನ್ಸಿಲಿನವರೇ ಸೆರೆಹಿಡಿದರು. ಮರುವರ್ಷ ಅವನು ಸೆರೆಯಲ್ಲೇ ಸತ್ತ. 1785ರ ಫೆಬ್ರವರಿ 28ರಂದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎಡ್ಮಂಡ್ ಬರ್ಕ್ ಆರ್ಕಾಟ್ ನವಾಬನ ಸಾಲಗಳ ಮೇಲೆ ಮಾಡಿದ ದೀರ್ಘ ಭಾಷಣದಲ್ಲಿ ಬೆನ್‌ಫೀಲ್ಡನ ಹೆಸರೆತ್ತಿ ಝಾಡಿಸಿದ. ಫಲವೇನೂ ಆಗಲಿಲ್ಲ, ಸಾಲ ತೀರಿಸುವ ಹೊರೆ ನವಾಬನ ಆಳ್ವಿಕೆಯ ಸೀಮೆಯಾದ ಕರ್ನಾಟಿಕದ ರೈತರ ಬೆನ್ನಿನ ಮೇಲೇ ಬಿತ್ತು. ಮುಂದೆ 1805ರಲ್ಲಿ ನೇಮಿಸಿದ ಆಯೋಗ ಈ ಹಕ್ಕುಗಳನ್ನು ಒಂದೊಂದಾಗಿ ಕೆದಕಿದಾಗ ಅವುಗಳಲ್ಲಿ ಬಹುಪಾಲು ನಿಲ್ಲಲೇ ಇಲ್ಲ.

ನಡುವೆ ಹೈದರ್ ಮತ್ತೆ ಬಂದ. 1780ರ ಸೆಪ್ಟೆಂಬರ್‌ನಲ್ಲಿ ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನೆಲಕಚ್ಚಿತು. ಆ ಗೆಲುವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಟಿಪ್ಪು ಬರೆಸಿದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅದೇ ಯುದ್ಧದ ಖರ್ಚಿನ ಪಟ್ಟಿ ಚೆಪಾಕಿನಲ್ಲಿ ನವಾಬನ ಸಾಲದ ಲೆಕ್ಕಕ್ಕೆ ಸೇರುತ್ತಾ ಹೋಯಿತು.

1795ರಲ್ಲಿ ಮುಹಮ್ಮದ್ ಅಲಿ ತೀರಿಕೊಂಡ. ಮಗ ಉಮ್ದತ್ ಉಲ್ ಉಮರಾ ಪಟ್ಟಕ್ಕೆ ಬಂದ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಲ್ಲಿ ಸಿಕ್ಕಿದ ಕಾಗದಗಳಲ್ಲಿ ಆರ್ಕಾಟಿನ ನವಾಬರೊಡನೆ ನಡೆದ ಪತ್ರವ್ಯವಹಾರ ಇದೆಯೆಂದು ಇಂಗ್ಲಿಷರು ಕೂಗೆಬ್ಬಿಸಿದರು. ಉಭಯಕುಶಲೋಪರಿಯ ಮಾತುಗಳನ್ನು ಒಳಸಂಚು ಎಂದು ಓದಿದರು. 1801ರ ಜುಲೈಯಲ್ಲಿ ಉಮ್ದತ್ ಉಲ್ ಉಮರಾ ಚೆಪಾಕಿನಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗಲೇ ಕಂಪನಿಯ ಸೈನ್ಯ ಅರಮನೆಯ ಬಾಗಿಲಲ್ಲಿ ಕಾವಲು ನಿಂತಿತು. 15ರಂದು ನವಾಬ ತೀರಿಕೊಂಡ. ಅವನ ಮಗ ಅಲಿ ಹುಸೇನ್ ರಾಜ್ಯ ಬಿಟ್ಟುಕೊಡಲು ಒಪ್ಪಲಿಲ್ಲ. ಒಪ್ಪಿದ ಅಜೀಮ್ ಉದ್ ದೌಲನನ್ನು ಗದ್ದಿಗೆಯಲ್ಲಿ ಕೂರಿಸಿ, ಅದೇ ತಿಂಗಳ 31ರಂದು ಇಡೀ ಕರ್ನಾಟಿಕದ ಆಡಳಿತ ಬರೆಸಿಕೊಂಡರು. ನವಾಬರಿಗೆ ಉಳಿದದ್ದು ಬಿರುದು, ವರ್ಷಾಶನ ಮತ್ತು ಅರಮನೆ. ಶ್ರೀರಂಗಪಟ್ಟಣದ ಸೋಲು ಎರಡೇ ವರ್ಷದಲ್ಲಿ ಚೆಪಾಕಿನ ಸೋಲೂ ಆಯಿತು.

ಇನ್ನೂ 50 ವರ್ಷಕ್ಕೂ ಮಿಕ್ಕಿ ಇಲ್ಲಿ ನವಾಬರ ಹೆಸರಿನ ದರ್ಬಾರು ನಡೆಯಿತು. ಕೊನೆಯ ನವಾಬ ಗುಲಾಂ ಗೌಸ್ ಖಾನ್ 1855ರ ಅಕ್ಟೋಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಡಾಲ್‌ಹೌಸಿಯ ಕಾಲದ ನೀತಿಯಂತೆ ಆ ಬಿರುದನ್ನೂ ರದ್ದುಮಾಡಿದರು. ಸಾಲ ತೀರಿಸಲೆಂದು ಅರಮನೆಯನ್ನು ಹರಾಜಿಗಿಟ್ಟರು. ಕೊಂಡದ್ದು ಮದರಾಸು ಸರಕಾರವೇ. ಮನೆತನದವರಿಗೆ ಆಮೇಲೆ 'ಆರ್ಕಾಟಿನ ರಾಜಕುಮಾರ' ಎಂಬ ಬಿರುದನ್ನು ಕೊಟ್ಟು ರಾಯಪೇಟೆಯ ಅಮೀರ್ ಮಹಲಿಗೆ ಕಳಿಸಿದರು. ಇಂದಿಗೂ ಅವರ ವಂಶದವರು ಅಲ್ಲಿದ್ದಾರೆ.

ಅರಮನೆ ಕಚೇರಿಯಾಯಿತು. ಸಂಸ್ಥೆಯಾಗಿ ಚೆಪಾಕಿನ ಕತೆ ಶುರುವಾಗುವುದು ಇಲ್ಲಿಂದ, ಮತ್ತು ನನ್ನ ಮಟ್ಟಿಗೆ ನವಾಬರ ಕಾಲಕ್ಕಿಂತ ಇದೇ ಹೆಚ್ಚು ಮುಖ್ಯ. ಕಲಸ್ ಮಹಲಿಗೆ ಎಂಜಿನಿಯರಿಂಗ್ ಕಾಲೇಜು ಬಂತು. 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿದ ಆ ಸಂಸ್ಥೆ 1920ರಲ್ಲಿ ಗಿಂಡಿಗೆ ಹೋಗುವ ತನಕ ಇಲ್ಲೇ ಇತ್ತು. ಹುಮಾಯೂನ್ ಮಹಲಿನ ಕಡೆ ರೆವಿನ್ಯೂ ಬೋರ್ಡ್ ಬಂತು. ಬೋರ್ಡಿಗೆ ತಕ್ಕ ಕಟ್ಟಡ ಬೇಕು ಎಂದಾಗ ಕೆಲಸ ವಹಿಸಿದ್ದು ರಾಬರ್ಟ್ ಫೆಲೋಸ್ ಚಿಸಂ ಎಂಬ ವಾಸ್ತುಶಿಲ್ಪಿಗೆ. 1840ರಲ್ಲಿ ಹುಟ್ಟಿದ ಚಿಸಂ, ಪ್ರೆಸಿಡೆನ್ಸಿ ಕಾಲೇಜು ಮತ್ತು ಸೆನೆಟ್ ಹೌಸಿನ ನಕ್ಷೆಗೆ ನಡೆದ ಸ್ಪರ್ಧೆಯಲ್ಲಿ ಗೆದ್ದು ಮದರಾಸಿಗೆ ಬಂದವನು. ಬಂದ ಹೊಸದರಲ್ಲಿ ಅವನ ಕೈ ಇಟಲಿಯ ಮಾದರಿಯ ಕಡೆಗಿತ್ತು. ಪ್ರೆಸಿಡೆನ್ಸಿ ಕಾಲೇಜು ಅದಕ್ಕೆ ಸಾಕ್ಷಿ. ಚೆಪಾಕಿನಲ್ಲಿ ಕೆಲಸ ಮಾಡಬೇಕಾಗಿ ಬಂದಾಗ ನೂರು ವರ್ಷ ಹಳೆಯ ನವಾಬರ ಗೋಡೆಗಳಿಗೆ ಹೊಂದುವಂತೆ ಕಟ್ಟುವ ದಾರಿ ಹಿಡಿದ. ಆಗಿನ ಗವರ್ನರ್ ಲಾರ್ಡ್ ನೇಪಿಯರ್ ಕೂಡ ಸರಕಾರಿ ಕಟ್ಟಡಗಳು ಮುಸಲ್ಮಾನ ಶೈಲಿಯಿಂದ ಕಲಿಯಬೇಕು ಎಂದು ಬಹಿರಂಗವಾಗಿ ವಾದಿಸುತ್ತಿದ್ದವನು.

ಚಿಸಂ ಎರಡು ಮಹಲುಗಳ ನಡುವೆ ಎತ್ತರದ ಗೋಪುರ ನಿಲ್ಲಿಸಿದ. ಪೂರ್ವಕ್ಕೆ, ಕಡಲಿಗೆ ಮುಖ ಮಾಡಿ ಬೋರ್ಡಿನ ಕಚೇರಿ ಕಟ್ಟಿದ. ಹಳೆಯದು ಬಿಳಿ ಗಾರೆ; ಇವನದು ಗಾರೆ ಬಳಿಯದ ಕೆಂಪು ಇಟ್ಟಿಗೆ, ನಡುನಡುವೆ ಪಟ್ಟೆ. ಹಳೆಯ ಕಮಾನು, ಮಿನಾರು, ಗುಮ್ಮಟಗಳನ್ನು ಹೊಸ ಇಟ್ಟಿಗೆಯಲ್ಲಿ ಮತ್ತೆ ಆಡಿಸಿದ. ಇಲ್ಲಿ ಕಲಿತದ್ದನ್ನು ಅವನು ರಸ್ತೆಯಾಚೆಗೂ ಒಯ್ದ: 1879ರಲ್ಲಿ ಮುಗಿದ ಸೆನೆಟ್ ಹೌಸ್ ಚೆಪಾಕಿನ ಒಡಹುಟ್ಟು. ಚಿಸಂ ನಂತರ ಮದರಾಸು ಸರಕಾರದ ವಾಸ್ತುಶಿಲ್ಪಿಯಾಗಿ ಬಂದವನು ಹೆನ್ರಿ ಇರ್ವಿನ್. 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದಾಗ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ನಕ್ಷೆಗೆ ಕರೆಸಿದ್ದು ಇವನನ್ನೇ. 1912ರಲ್ಲಿ ಮುಗಿದ ಅಂಬಾವಿಲಾಸದ ಗುಲಾಬಿ ಗುಮ್ಮಟಗಳನ್ನೂ ಕಮಾನುಗಳನ್ನೂ ಮೆಚ್ಚುವ ನಾವು, ಆ ಪರಂಪರೆಯ ಬೇರು ಚೆಪಾಕಿನಲ್ಲಿದೆ ಎಂಬುದನ್ನು ಮರೆಯಬಾರದು.

ಈಗ ಬೋರ್ಡಿನ ವಿಷಯಕ್ಕೆ. ರೆವಿನ್ಯೂ ಬೋರ್ಡ್ ಹುಟ್ಟಿದ್ದು 1786ರಲ್ಲಿ. ಮದರಾಸು ಪ್ರೆಸಿಡೆನ್ಸಿಯ ಪ್ರತಿ ಜಿಲ್ಲೆಯ ಕಲೆಕ್ಟರನೂ ಅದಕ್ಕೆ ಉತ್ತರ ಹೇಳಬೇಕು. ತೀರ್ವೆ, ಜಮಾಬಂದಿ, ದರ್ಖಾಸ್ತು, ಕೆರೆ ದುರಸ್ತಿ, ಉಪ್ಪು, ಅಬಕಾರಿ, ಬರಗಾಲದ ಪರಿಹಾರ: ಏನಿದ್ದರೂ ಕೊನೆಯ ಮಾತು ಬೋರ್ಡಿನದು. 1799ರಲ್ಲಿ ಟಿಪ್ಪುವಿನಿಂದ ಕಿತ್ತುಕೊಂಡ ಕೆನರಾ, 1800ರಲ್ಲಿ ನಿಜಾಮನಿಂದ ಪಡೆದ ಬಳ್ಳಾರಿ ಈ ಬೋರ್ಡಿನ ಕೈಕೆಳಗೆ ಬಂದವು. ಎರಡರ ಕಂದಾಯಕ್ಕೂ ಬುನಾದಿ ಹಾಕಿದವನು ಥಾಮಸ್ ಮನ್ರೋ. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದರೂ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಕುಂದಾಪುರದಿಂದ ಕಾಸರಗೋಡಿನವರೆಗಿನ, ಹೊಸಪೇಟೆಯಿಂದ ಆದೋನಿಯವರೆಗಿನ ಜಮೀನಿನ ತಕರಾರು ಮೇಲೇರುತ್ತಾ ಹೋದರೆ ಬಂದು ನಿಲ್ಲುತ್ತಿದ್ದದ್ದು ಚೆಪಾಕಿನ ಈ ಕೆಂಪು ಕಟ್ಟಡದಲ್ಲಿ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಕ್ಷಿಣ ಕನ್ನಡದಲ್ಲಿ ಕುಮ್ಕಿ ಎಂಬ ಸೌಲಭ್ಯವಿದೆ. ಅಡಿಕೆ ತೋಟಕ್ಕೂ ಗದ್ದೆಗೂ ಗೊಬ್ಬರ ಬೇಕು. ಗೊಬ್ಬರಕ್ಕೆ ಸೊಪ್ಪು, ದರಗು ಬೇಕು. ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಬೇಕು. ಇವೆಲ್ಲ ಸಿಗುವುದು ತೋಟಕ್ಕೆ ತಾಗಿದ ಗುಡ್ಡದಲ್ಲಿ. ಗುಡ್ಡ ಸರಕಾರದ್ದು. ಹಾಗಾದರೆ ಕೃಷಿಕ ಏನು ಮಾಡಬೇಕು? ಕುಮ್ಕಿಯ ಪ್ರಕಾರ, ಹಳೆಯ ವರ್ಗ ಜಮೀನಿನ (ಕಂದಾಯದ ಹಿಡುವಳಿಯ) ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರ ತನ್ನ ಬೇಸಾಯಕ್ಕೂ ಮನೆ ಬಳಕೆಗೂ ಸೊಪ್ಪು, ಸೌದೆ, ಮೇವನ್ನು ತೆರಿಗೆಯಿಲ್ಲದೆ ತೆಗೆದುಕೊಳ್ಳಬಹುದು; ನೆಲದ ಒಡೆತನ ಮಾತ್ರ ಅವನದಲ್ಲ. ಯಾವುದು ಹಳೆಯ ವರ್ಗ? ಫಸಲಿ 1276ಕ್ಕೆ, ಅಂದರೆ 1866ರ ಸುಮಾರಿಗೆ ಮೊದಲು ಆದದ್ದು. ಈ ರೂಢಿಯನ್ನು ಅಕ್ಷರಕ್ಕಿಳಿಸಿ ಗಟ್ಟಿ ಮಾಡಿದ್ದು ಬೋರ್ಡಿನ ಸ್ಟ್ಯಾಂಡಿಂಗ್ ಆರ್ಡರ್ಸ್, ಅದರಲ್ಲೂ 15ನೆಯ ಆರ್ಡರ್. ಕರಾವಳಿಯ ವಕೀಲರ ಬಾಯಲ್ಲಿ 'ಬಿಎಸ್‌ಓ ಫಿಫ್ಟೀನ್' ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರಲ್ಲಿ ಬಂದಾಗ ಅದರ 79ನೆಯ ಕಲಮು ಕುಮ್ಕಿ, ಬಾಣೆ, ಕಾನೆ, ಬೆಟ್ಟ ಮುಂತಾದ ಹಳೆಯ ಸೌಲಭ್ಯಗಳನ್ನು ಉಳಿಸಿಕೊಂಡಿತು. ಪುತ್ತೂರಿನ ಒಂದು ತೋಟದ ಬೇಲಿಯಾಚೆ ಯಾರು ಸೊಪ್ಪು ಕಡಿಯಬಹುದು ಎಂಬ ಪ್ರಶ್ನೆಗೆ ಚೆಪಾಕಿನ ಬೋರ್ಡು ಕೊಟ್ಟ ಉತ್ತರ ಇಂದಿನ ಬೆಂಗಳೂರಿನ ಹೈಕೋರ್ಟಿನ ತೀರ್ಪುಗಳಲ್ಲೂ ಉಸಿರಾಡುತ್ತಿದೆ. ಕಟ್ಟಡಗಳ ಚರಿತ್ರೆ ಬರೆಯುವವರು ಇಂಥದ್ದನ್ನು ಬರೆಯುವುದಿಲ್ಲ. ಬರೆಯಬೇಕು.

ಬೋರ್ಡಿನ ಕಡತಗಳಲ್ಲಿ ಕಣ್ಣೀರೂ ಇದೆ. 1876ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಕರೆದ ಆ ಮಹಾಕ್ಷಾಮ ಮದರಾಸು ಪ್ರೆಸಿಡೆನ್ಸಿಯಲ್ಲಿ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಜೋಳ ಒಣಗಿತು, ದನಗಳು ಸತ್ತವು, ಜನ ಊರು ಬಿಟ್ಟರು. ಜಿಲ್ಲೆಯ ವರದಿಗಳು ಚೆಪಾಕಿಗೆ ಬರುತ್ತಿದ್ದವು. ಪರಿಹಾರದ ಕೂಲಿ ಎಷ್ಟಿರಬೇಕು ಎಂಬ ವಾದ ಎದ್ದಿತು. ಕಲ್ಕತ್ತದ ಸರಕಾರ 1877ರ ಆರಂಭದಲ್ಲಿ ಕಳಿಸಿದ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸು ಸಾಕು ಎಂದು ನಿಗದಿ ಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಆ ಅಳತೆಯಲ್ಲಿ ದುಡಿಯುವ ಮೈ ಉಳಿಯುವುದಿಲ್ಲ ಎಂದು ಅಂಕಿ ಅಂಶ ಹಿಡಿದು ಹೋರಾಡಿದ. ಕೆಲವು ತಿಂಗಳ ನಂತರ ಅಳತೆ ಏರಿತು; ಅಷ್ಟರೊಳಗೆ ಎಷ್ಟೋ ಜೀವ ಹೋಗಿತ್ತು. ಬಳ್ಳಾರಿ ಸೀಮೆಯ ಸಾವಿನ ಲೆಕ್ಕಗಳು ಇಂಗ್ಲಿಷ್ ಕಡತಗಳಲ್ಲಿ ಇಂದಿಗೂ ಇವೆ. ಅವುಗಳನ್ನು ಓದುವ ಕನ್ನಡಿಗರು ಕಡಿಮೆ.

ಅರಮನೆಯ ಆವರಣದ ಉಳಿದ ತುಂಡುಗಳಲ್ಲೂ ನಮ್ಮವರ ಹೆಜ್ಜೆಗಳಿವೆ. ಮದರಾಸ್ ಕ್ರಿಕೆಟ್ ಕ್ಲಬ್ಬಿಗೆ 1865ರಲ್ಲಿ ಇಲ್ಲಿ ಮೈದಾನ ಸಿಕ್ಕಿತು. 1934ರ ನವೆಂಬರ್ 4ರಂದು ಅದೇ ಚೆಪಾಕಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆಡಿದ್ದು ಮದರಾಸು ಮತ್ತು ಮೈಸೂರು. ಮೈಸೂರು ಒಂದೇ ದಿನದಲ್ಲಿ ಇನ್ನಿಂಗ್ಸ್ ಸೋಲು ಕಂಡಿತು, ಎ.ಜಿ. ರಾಮ್ ಸಿಂಗ್ ಎರಡೂ ಸರದಿಯಲ್ಲಿ ಸೇರಿ 11 ವಿಕೆಟ್ ಕಿತ್ತರು. ಇನ್ನು ವಿಶ್ವವಿದ್ಯಾಲಯ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ತನಕ ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳ ಹುಡುಗರಿಗೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯವೇ. ಆಮೇಲೂ ಅಲ್ಲಿನ ಕನ್ನಡ ವಿಭಾಗ ಮಾಡಿದ ಕೆಲಸ ಸಣ್ಣದಲ್ಲ. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರರು ಸಂಪಾದಿಸಿದ ಕವಿರಾಜಮಾರ್ಗ 1930ರಲ್ಲಿ ಅಲ್ಲಿಂದ ಹೊರಬಂತು. ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದ ನಾಲ್ಕು ಸಂಪುಟಗಳು 1968ರಿಂದ 1971ರವರೆಗೆ ಅದೇ ವಿಶ್ವವಿದ್ಯಾಲಯದ ಪ್ರಕಟಣೆಯಾಗಿ ಬಂದವು. ಕನ್ನಡದ ಪದಗಳ ಲೆಕ್ಕವೂ ಈ ಕಡಲ ದಂಡೆಯಲ್ಲೇ ನಡೆದಿದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಬಂದವು, ಕಾಸರಗೋಡು ಕೇರಳದ ಪಾಲಾಯಿತು. ಬೋರ್ಡಿನೊಡನೆ ಕನ್ನಡ ಜಿಲ್ಲೆಗಳ ಸಂಬಂಧ ಅಲ್ಲಿಗೆ ಕಡಿಯಿತು. 1980ರಲ್ಲಿ ತಮಿಳುನಾಡು ಸರಕಾರ ಬೋರ್ಡನ್ನೇ ರದ್ದು ಮಾಡಿತು. ಆದರೂ ಮಹಲುಗಳಲ್ಲಿ ಸರಕಾರಿ ಕಚೇರಿಗಳು ಮುಂದುವರಿದವು. ಮರದ ಅಡ್ಡಗೋಡೆ, ಕಬ್ಬಿಣದ ಬೀರು, ಎಲ್ಲೆಂದರಲ್ಲಿ ಎಳೆದ ವಿದ್ಯುತ್ ತಂತಿ, ಚಾವಣಿಯ ತನಕ ಕಟ್ಟಿಟ್ಟ ಕಾಗದದ ಗಂಟು: ನಮ್ಮ ದೇಶದ ಎಷ್ಟೋ ಪಾರಂಪರಿಕ ಕಟ್ಟಡಗಳ ಗತಿ ಇಲ್ಲಿಗೂ ಬಂತು. ಹುಮಾಯೂನ್ ಮಹಲಿನ ಚಾವಣಿ ಅಲ್ಲಲ್ಲಿ ಕುಸಿದು, ಗೋಡೆಗಳಲ್ಲಿ ಗಿಡ ಬೆಳೆಯಿತು.

2012ರ ಜನವರಿಯಲ್ಲಿ, ಪೊಂಗಲ್ ರಜೆಯ ಒಂದು ರಾತ್ರಿ, ಕಲಸ್ ಮಹಲಿಗೆ ಬೆಂಕಿ ಬಿತ್ತು. 240 ವರ್ಷ ದಾಟಿದ ತೇಗದ ತೊಲೆಗಳು ಉರಿದು ಚಾವಣಿ ಒಳಗೆ ಬಿದ್ದಿತು. ಬೆಂಕಿ ಆರಿಸಲು ಒಳಹೊಕ್ಕ ಅಗ್ನಿಶಾಮಕ ದಳದ ಒಬ್ಬರು ಪ್ರಾಣ ಕಳೆದುಕೊಂಡರು. ಇನ್ನೂ ಕೆಲವರು ಗಾಯಗೊಂಡರು. ಬೆಳಗಾದಾಗ ನಿಂತಿದ್ದದ್ದು ಮಸಿ ಹಿಡಿದ ಗೋಡೆಗಳು. ಕೆಡವಿ ಹೊಸದು ಕಟ್ಟುವುದೇ ಲೇಸು ಎಂಬ ಮಾತು ಇಂಥ ಹೊತ್ತಿನಲ್ಲಿ ಸುಲಭವಾಗಿ ಏಳುತ್ತದೆ. ತಮಿಳುನಾಡು ಸರಕಾರ ಉಳಿಸುವ ದಾರಿ ಹಿಡಿದದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಉಳಿಸಿದ ಬಗೆಯನ್ನು ಹೇಳಲೇಬೇಕು. ಕಟ್ಟಡಕ್ಕೆ ಬೇಕಾದದ್ದು ಸಿಮೆಂಟು ಅಲ್ಲ, ಸುಣ್ಣ. ಸಿಮೆಂಟು ಗಾಳಿಯಾಡಲು ಬಿಡುವುದಿಲ್ಲ. ಹಳೆಯ ಇಟ್ಟಿಗೆಯೊಳಗಿನ ತೇವ ಹೊರಬರಲಾರದೆ ಗೋಡೆಯನ್ನೇ ತಿನ್ನುತ್ತದೆ. ಆದ್ದರಿಂದ ಸುಣ್ಣವನ್ನು ನೀರಲ್ಲಿ ದಿನಗಟ್ಟಲೆ ಕೊಳೆಸಿ, ಮರಳು ಬೆರೆಸಿ, ಗಾಣದಲ್ಲಿ ಅರೆದು, ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನೆಹಾಕಿದ ನೀರನ್ನು ಸೇರಿಸಿ ಗಾರೆ ಮಾಡಿದರು. ಅಳಲೆಕಾಯಿಯ ಒಗರು ಗಾರೆಯನ್ನು ಗಟ್ಟಿ ಮಾಡುತ್ತದೆ, ಬೆಲ್ಲ ಅದನ್ನು ಹದವಾಗಿ ಕೂಡಿಸುತ್ತದೆ. ಚಾವಣಿಗೆ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಜಂತೆ, ಅದರ ಮೇಲೆ ಬೆರಳುದ್ದದ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂಡಿಸುತ್ತಾ ಹೋಗುವುದು. ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ, ಹಲಗೆಯಿಂದ ಬಡಿದು ಬಡಿದು ಗಟ್ಟಿ ಮಾಡುವುದು. ಕೊನೆಗೆ ಹೆಂಚಿನ ಹಾಸು. ಬೆಂಗಳೂರಿನ ಬಸವನಗುಡಿಯ, ಮೈಸೂರಿನ ಅಗ್ರಹಾರಗಳ ಹಳೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ತಲೆಯ ಮೇಲಿನ ಆ ತಂಪು ನೆನಪಿರುತ್ತದೆ. ಈ ಕಸುಬು ಗೊತ್ತಿರುವ ಮೇಸ್ತ್ರಿಗಳು ಬೆರಳೆಣಿಕೆಯಷ್ಟು ಉಳಿದಿದ್ದರು. ಚೆಪಾಕಿನ ಕೆಲಸ ಅವರಿಗೆ ದುಡಿಮೆ ಕೊಟ್ಟಿತು, ಹೊಸ ಎಂಜಿನಿಯರುಗಳಿಗೆ ಪಾಠಶಾಲೆಯಾಯಿತು. 2017ರ ಹೊತ್ತಿಗೆ ಕಲಸ್ ಮಹಲ್ ಮತ್ತೆ ಎದ್ದು ನಿಂತಿತು. ಆ ಬಳಿಕ ಲೋಕೋಪಯೋಗಿ ಇಲಾಖೆ ಹುಮಾಯೂನ್ ಮಹಲನ್ನೂ ಇದೇ ರೀತಿಯಲ್ಲಿ ಕೈಗೆತ್ತಿಕೊಂಡಿತು. ಒಂದು ಸರಕಾರಿ ಇಲಾಖೆ ಸುಣ್ಣ ಅರೆಯುವುದನ್ನು ಮತ್ತೆ ಕಲಿತದ್ದು ಈ ಕಟ್ಟಡದ 250 ವರ್ಷಗಳ ಬಾಳಿನಲ್ಲಿ ನಡೆದ ಒಳ್ಳೆಯ ಸಂಗತಿಗಳಲ್ಲಿ ಒಂದು. ಕರ್ನಾಟಕದಲ್ಲಿ ಹಳೆಯ ಕಚೇರಿ, ಶಾಲೆ, ಆಸ್ಪತ್ರೆ ಕಟ್ಟಡಗಳನ್ನು ನೋಡಿಕೊಳ್ಳುವವರು ಒಮ್ಮೆ ಇಲ್ಲಿಗೆ ಬಂದು ಕಲಿತುಹೋದರೆ ಒಳ್ಳೆಯದು.

ದುರಸ್ತಿಯಾದ ಕಲಸ್ ಮಹಲಿನಲ್ಲಿ ಈಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠ ನಡೆಯುತ್ತದೆ. ಅದರ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದೆ. ಕೆರೆ ಒತ್ತುವರಿ, ಮರಳು ಗಣಿ, ಕಲ್ಲು ಕ್ವಾರಿ, ಕಾರ್ಖಾನೆಯ ಕೊಳಚೆ ಎಂದು ನಮ್ಮ ಜಿಲ್ಲೆಗಳಿಂದ ದೂರು ಹೊತ್ತವರು ಮತ್ತೆ ಚೆಪಾಕಿನ ಕಮಾನುಗಳ ಕೆಳಗೆ ನಿಲ್ಲುತ್ತಾರೆ. ಕಾವೇರಿಯ ನೀರಿನ ಲೆಕ್ಕ ಇಡುವ ತಮಿಳುನಾಡಿನ ಜಲಸಂಪನ್ಮೂಲ ಇಲಾಖೆಯ ಕಚೇರಿಗಳಿರುವುದೂ ಇದೇ ಆವರಣದಲ್ಲಿ. ನೆಲದ ತಕರಾರು ಹೋಗಿ ನೀರಿನದು, ಗಾಳಿಯದು ಬಂದಿದೆ, ವಿಳಾಸ ಬದಲಾಗಿಲ್ಲ.

ಬೋರ್ಡಿನ ಹಳೆಯ ನಡಾವಳಿಗಳ ಸಂಪುಟಗಳು ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಮನ್ರೋನ ಕಾಲದಿಂದ 1956ರವರೆಗಿನ ದಕ್ಷಿಣ ಕನ್ನಡ, 1953ರವರೆಗಿನ ಬಳ್ಳಾರಿ ಅಲ್ಲಿ ಪುಟಪುಟಗಳಲ್ಲಿ ಮಲಗಿವೆ: ಯಾವ ಹಳ್ಳಿಗೆ ಎಷ್ಟು ತೀರ್ವೆ, ಯಾವ ಕೆರೆ ಯಾವಾಗ ಒಡೆಯಿತು, ಯಾವ ಊರಿನ ರೈತರು ಕೂಟ ಕಟ್ಟಿ ಕಂದಾಯ ಕೊಡೆವು ಎಂದರು. ಮಂಗಳೂರು, ಬಳ್ಳಾರಿ, ಹಂಪಿಯ ವಿಶ್ವವಿದ್ಯಾಲಯಗಳಿಂದ ಸಂಶೋಧಕರು ಬಂದರೆ ತಂಗಲು ಜಾಗ, ದಾರಿ ತೋರಲು ಜನ, ತಮಿಳು ನಮೂನೆಗಳನ್ನು ತುಂಬಿಸಿಕೊಡಲು ಕೈ ಬೇಕು. ಅದು ಈ ಊರಿನ ಕನ್ನಡಿಗರಿಂದ ಆಗುವ ಕೆಲಸ. ಆ ಸಂಪುಟಗಳಲ್ಲಿ ಕನ್ನಡ ಜಿಲ್ಲೆಗಳಿಗೆ ಸೇರಿದ ನಡಾವಳಿಗಳ ಸೂಚಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವ ಹೊಣೆಯನ್ನು ಈ ಸಂಚಿಕೆಯನ್ನು ಹೊರತರುತ್ತಿರುವ ಬಳಗವೇ ಹೊರಲಿ ಎಂದು ಕೇಳಿಕೊಳ್ಳುತ್ತೇನೆ.